ಬೇರು ಬಿಡಿ ಎಂದ ಪ್ರಸಂಗ

ಆಂಧ್ರದ ಆಸ್ಪರಿ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಕ್ರೈಸ್ತ ಸಭೆಯ ಬೋಧಕನಾಗಿ ಎಂಟು ವರ್ಷವಾಗಿತ್ತು. ಮನೆಯ ಮಾತು ಕನ್ನಡ, ಓದಿದ್ದೆಲ್ಲ ತೆಲುಗು. ಬೈಬಲ್ ಶಾಲೆಯಲ್ಲಿ ಗುರುಗಳು ಹೇಳಿಕೊಟ್ಟ ಕ್ರಮವನ್ನೇ ನಂಬಿದ್ದೆ: ಪ್ರಸಂಗಕ್ಕೆ ಒಂದೇ ವಿಷಯವಿರಬೇಕು, ಉದಾಹರಣೆ ಕೇಳುವವರ ಬದುಕಿನಿಂದಲೇ ಬರಬೇಕು, ಮನೆಗೆ ಹೋಗಿ ಮಾಡುವಂಥ ಕೆಲಸವೊಂದನ್ನು ಕೊಟ್ಟು ಮುಗಿಸಬೇಕು.

ಆ ಭಾನುವಾರದ ವಿಷಯ ವಿಶ್ವಾಸ. ವಾರವೆಲ್ಲ ಉದಾಹರಣೆಗಾಗಿ ತಡಕಾಡಿದ್ದೆ. ಶನಿವಾರ ಹತ್ತಿ ಹೊಲದ ಬದಿಯ ಹಳೆಯ ಬಾವಿ ನೋಡಿದಾಗ ಅದು ಸಿಕ್ಕಿತು. ಬಾವಿಗೆ ಬಿದ್ದವನೊಬ್ಬ ಗೋಡೆಯ ಬೇರು ಹಿಡಿದು ನೇತಾಡುತ್ತಿದ್ದಾನೆ. ಮೇಲಿನಿಂದ ಹಗ್ಗ ಬರುತ್ತದೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬೇರು ಹಿಡಿದರೆ ಅವನನ್ನು ಎಳೆಯುವುದು ಹೇಗೆ? "ನಿಮ್ಮ ಕೈಯಾಗ ಇನ್ನೂ ಯಾವ ಬೇರು ಐತಿ? ಮನಿಗೆ ಹೋಗಿ ಅದನ್ನ ಬಿಡ್ರಿ," ಎಂದು ಮುಗಿಸಿದೆ. ಸಭೆಯ ಹಿರಿಯರೊಬ್ಬರು ಹೊರಗೆ ಕೈ ಹಿಡಿದು, ಇಂಥ ಪ್ರಸಂಗ ಈ ಊರು ಕೇಳಿರಲಿಲ್ಲ ಎಂದರು. ಅಂದು ಎರಡು ತುತ್ತು ಹೆಚ್ಚೇ ಉಂಡೆ.

ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂರುತ್ತಿದ್ದ ವಿಧವೆಯೊಬ್ಬರಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಕುರಿ ಸಾಕಿ ಒಬ್ಬಳೇ ಮಗಳನ್ನು ಬೆಳೆಸಿದ್ದರು. ಮಗಳಿಗೆ ಹತ್ತೊಂಬತ್ತು, ಚಿಕ್ಕಂದಿನಿಂದ ಮೂರ್ಛೆ ರೋಗ. ಆದೋನಿ ಆಸ್ಪತ್ರೆಯ ಗುಳಿಗೆ ದಿನಕ್ಕೆರಡು ನುಂಗುತ್ತ ಚೆನ್ನಾಗಿಯೇ ಇದ್ದಳು. ಸಭೆಯಲ್ಲಿ ಹಾಡು ಎತ್ತುತ್ತಿದ್ದವಳೇ ಆಕೆ. ಬೇಕೆಂದೇ ದನಿ ಎತ್ತರಕ್ಕೆ ಹಿಡಿದು, ನಾವೆಲ್ಲ ಒದ್ದಾಡುವುದನ್ನು ನೋಡಿ ದುಪಟ್ಟಾದಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ಮೂರು ವಾರದ ಬಳಿಕ ಒಂದು ಬೆಳಿಗ್ಗೆ ಅಕ್ಕನ ಪಕ್ಕದ ಮನೆಯವರು ಓಡಿ ಬಂದರು. ಹುಡುಗಿಗೆ ಮೂರ್ಛೆ ನಿಲ್ಲುತ್ತಿರಲಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಆಟೋದಲ್ಲಿ ಮಲಗಿಸಿಕೊಂಡು ಆದೋನಿಗೆ ಹೊರಟೆವು. ತಲೆ ಅಕ್ಕನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ.

"ಗುಳಿಗಿ ಕೊಟ್ಟೀರೇನಕ್ಕ?" ಎಂದು ಕೇಳಿದೆ.

"ಬಿಡಿಸೀನ್ರಿ ಅಯ್ಯನೋರೆ. ನೀವು ಬೇರು ಬಿಡ್ರಿ ಅಂದ್ರಲ್ಲ, ಅವತ್ತಿನಿಂದ."

ಅವರ ದನಿಯಲ್ಲಿ ದೂರು ಇರಲಿಲ್ಲ. ಪಾಠ ಒಪ್ಪಿಸುವ ಹಾಗಿತ್ತು. ಆದೋನಿ ಇನ್ನೂ ನಾಲ್ಕು ಮೈಲಿ ಇರುವಾಗ ನನ್ನ ತೊಡೆಯ ಮೇಲಿನ ಕಾಲುಗಳ ನಡುಕ ನಿಂತಿತು. ಕಡಿಮೆಯಾಯಿತೆಂದುಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, ದಾರಿಯಲ್ಲೇ ಜೀವ ಹೋಗಿದೆ ಎಂದರು.

ಮರುದಿನ ಮಣ್ಣು ಮಾಡುವಾಗ ನಾನೇ ಮಾತಾಡಬೇಕಿತ್ತು. ಸಮಾಧಾನದ ನಾಲ್ಕು ಮಾತು ಬರೆದುಕೊಂಡಿದ್ದೆ. ಅದನ್ನು ಓದಲಿಲ್ಲ. ಹಾಳೆ ಮಡಚಿ, "ಅವತ್ತು ನಾನು ತಪ್ಪು ಹೇಳೀನಿ. ಗುಳಿಗಿ ಬಿಡಬಾರದಿತ್ತು. ನೀವು ಯಾರೂ ಬಿಡಬ್ಯಾಡ್ರಿ," ಎಂದೆ. ಹಿರಿಯರು ನನ್ನ ತೋಳು ಜಗ್ಗಿದರು. ಅಕ್ಕ ತಲೆ ಎತ್ತಿ ನೋಡಿ ಮೆಲ್ಲಗೆ ಹೇಳಿದರು: "ಈ ಮಾತು ಅವತ್ತೇ ಹೇಳಬೇಕಿತ್ರಿ ಅಯ್ಯನೋರೆ."

ಬೋಧನೆಯನ್ನೇ ಬಿಡಬೇಕೆಂದುಕೊಂಡೆ. ಬಿಟ್ಟರೆ ಅದು ತಪ್ಪಿಸಿಕೊಂಡು ಓಡಿದಂತೆ ಎಂದಳು ಹೆಂಡತಿ. ಈಗ ಶನಿವಾರ ಪ್ರಸಂಗವನ್ನು ಮೊದಲು ಆಕೆಗೆ ಓದಿ ಹೇಳುತ್ತೇನೆ. ಕಾಯಿಲೆಯವರು ಇದನ್ನು ಹೇಗೆ ಕೇಳಿಸಿಕೊಂಡಾರು ಎಂದು ಆಕೆ ಕೇಳುತ್ತಾಳೆ. ಅರ್ಧ ಹಾಳೆ ಹೊಡೆದುಹಾಕುತ್ತೇನೆ. ಮೊದಲಿನ ಬಿರುಸಿಲ್ಲವೆಂದು ಕೆಲವರು ಬೇರೆ ಸಭೆಗೆ ಹೋದರು.

ಅಕ್ಕ ಕುರಿ ಮಾರಿ ಪತ್ತಿಕೊಂಡದಲ್ಲಿರುವ ತಂಗಿಯ ಮನೆ ಸೇರಿದರು. ಕಳೆದ ತಿಂಗಳು ನೋಡಲು ಹೋಗಿದ್ದೆ. ನೀರು ಕೊಟ್ಟರು, ನನ್ನ ಮಕ್ಕಳ ಬಗ್ಗೆ ವಿಚಾರಿಸಿದರು. ರೂಢಿಯಂತೆ ಪ್ರಾರ್ಥನೆಗೆಂದು ಎದ್ದು ನಿಂತೆ.

"ಬ್ಯಾಡ್ರಿ," ಎಂದರು. "ಸುಮ್ಮನ ಕುಂದರ್ರಿ ಸ್ವಲ್ಪ ಹೊತ್ತು."

ಕುಳಿತೆ. ಅವರು ಶೇಂಗಾ ಸುಲಿಯತೊಡಗಿದರು. ನಾನೂ ಒಂದು ಹಿಡಿ ತೆಗೆದುಕೊಂಡೆ. ಬಸ್ಸಿನ ಹೊತ್ತಾಗುವ ತನಕ ಇಬ್ಬರೂ ಸುಲಿದೆವು.