ಬೆಲೆ ಏರದ ದೋಸೆ

ಕಳೆದ ತಿಂಗಳು ಸಿಡ್ನಿಯ ರೌಸ್ ಹಿಲ್‌ನ ಹೋಟೆಲೊಂದರಲ್ಲಿ ಕುಳಿತು, ಮೆನು ಕಾರ್ಡಿನಲ್ಲಿ ಮಸಾಲೆ ದೋಸೆಯ ಬೆಲೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕೆರೆದು ನೋಡಿದೆ. ಅದರ ಕೆಳಗೆ ಇನ್ನೊಂದು ಚೀಟಿ, ಅದರಡಿಯಲ್ಲಿ ಮತ್ತೊಂದು. "ಏನ್ರೀ ಅದು, ಸ್ಕೂಲ್ ಹುಡುಗನ ಥರ!" ಎಂದು ಹೆಂಡತಿ ಕೈಗೊಂದು ಏಟು ಕೊಟ್ಟಳು. ಬೆಲೆ ಏರುವುದನ್ನು ನೋಡುವುದೇ ನನ್ನ ಹೊಟ್ಟೆಪಾಡು ಎಂದು ಸಮರ್ಥಿಸಿಕೊಂಡೆ. ಆದರೆ ನಿಮ್ಮ ಹತ್ತಿರ ನಿಜ ಹೇಳುತ್ತೇನೆ, ಆಗ ನೆನಪಾದದ್ದು ಮೆಲ್ಬರ್ನಿನ ವಾರಿಜಾ ಆಂಟಿ.

ಉಡುಪಿ ಕಡೆಯವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ತಿಂಗಳಿಗೊಂದು ಭಾನುವಾರ ನಮ್ಮ ಸಬರ್ಬಿನ ಬಾಡಿಗೆ ಹಾಲ್‌ನಲ್ಲಿ ಕಾವಲಿ ಇಡುತ್ತಿದ್ದರು. ದೋಸೆಗೆ ಐದು ಡಾಲರ್. ನಾನಾಗ ಅದೇ ಊರಿನ ಡಾಕ್‌ಲ್ಯಾಂಡ್ಸ್‌ನ ಆಫೀಸಿನಲ್ಲಿ ಹಣದುಬ್ಬರದ ವರದಿ ಬರೆಯುತ್ತಿದ್ದೆ. ವಾರವಿಡೀ ಅಂಕಿ ತಿಂದವನಿಗೆ ಆ ಭಾನುವಾರ ಮೂರು ದೋಸೆಯಾದರೂ ಬೇಕು. ಸಾಂಬಾರಿಗೆ ಬೆಲ್ಲ ಬೇಕೋ ಬೇಡವೋ ಎಂದು ಬೆಂಗಳೂರಿನವರೂ ಮಂಗಳೂರಿನವರೂ ಕಿತ್ತಾಡುತ್ತಿದ್ದರು. ಎಷ್ಟು ಚೆನ್ನಾಗಿತ್ತು!

ಆಮೇಲೆ ಎಲ್ಲದರ ಬೆಲೆ ಏರತೊಡಗಿತು. ಹೋಲ್‌ಸೇಲ್ ಅಂಗಡಿಯಲ್ಲಿ ಮೊದಲು ಎಣ್ಣೆ ಡಬ್ಬ, ಅದರ ಹಿಂದೆಯೇ ಉದ್ದಿನಬೇಳೆ ಚೀಲ. ಸಗಟು ಬೆಲೆ ಏರಿದ ಮೇಲೆ ಚಿಲ್ಲರೆ ಬೆಲೆ ಏರಲೇಬೇಕು ಎಂದು ನಾನು ಚಟ್ನಿ ಕೈಯಲ್ಲೇ ಉಪನ್ಯಾಸ ಬಿಗಿದೆ.

"ಅದನ್ನು ನಿನ್ನ ಆಫೀಸಲ್ಲಿ ಹೇಳು ಮಾರಾಯ," ಎಂದರು ಆಂಟಿ. "ಈ ಸ್ಟೂಡೆಂಟ್ ಮಕ್ಕಳಿಗೆ ರೆಂಟ್ ಕೊಟ್ಟ ಮೇಲೆ ಉಳಿಯುದು ಎಂತ ಉಂಟು? ನನ್ನ ದೋಸೆಗೆ ಐದೇ."

ಹೆಚ್ಚು ಕೊಟ್ಟರೆ ಬಾಕಿ ಹಣವನ್ನು ಜೇಬಿಗೇ ತುರುಕುತ್ತಿದ್ದರು. ಪ್ರತಿ ದೋಸೆಗೂ ಅವರಿಗೆ ನಷ್ಟ. ಹಾಗಾಗಿ ಹಳಬರೆಲ್ಲ ಪಾರ್ಕಿಂಗಿನಲ್ಲಿ ನಿಂತು ಗುಟ್ಟಾಗಿ ತೀರ್ಮಾನಿಸಿದೆವು: ಒಬ್ಬರು ಒಂದೇ ದೋಸೆ ತಿನ್ನುವುದು, ನಷ್ಟ ಕಡಿಮೆಯಾಗಲಿ. ಕಾವಲಿಯನ್ನೇ ಆಸೆಯಿಂದ ನೋಡುತ್ತ, "ಸಾಕು ಆಂಟಿ, ಹೊಟ್ಟೆ ಫುಲ್" ಎಂದು ಏಳುತ್ತಿದ್ದೆವು. ಕೆಲವು ತಿಂಗಳಲ್ಲಿ ಆಂಟಿ ಮಂಡಿನೋವೆಂದು ದೋಸೆ ನಿಲ್ಲಿಸಿದರು. ಪಾಪ, ಖರ್ಚು ತಡೆಯಲಾಗಲಿಲ್ಲ ಎಂದುಕೊಂಡೆವು. ನನಗೆ ನಾರ್ತ್ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಈಗ ಇಲ್ಲಿ ಮನೆಯಿದೆ, ಮಾರ್ಟ್‌ಗೇಜ್ ಇದೆ, ಸಾಂಬಾರಿಗಾಗಿ ಜಗಳವಾಡುವವರಿಲ್ಲ.

ಹೋಟೆಲಿನಿಂದ ಬಂದವನೇ ಆಂಟಿಗೆ ಫೋನ್ ಮಾಡಿ ದೋಸೆಯ ಈಗಿನ ಬೆಲೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ.

"ರುಚಿ ಉಂಟಾ?" ಎಂದು ಕೇಳಿದರು. ಆಮೇಲೆ, "ನಂದು ಕೊನೆಕೊನೆಗೆ ಹದ ತಪ್ಪಿತ್ತು ಅಲ್ವಾ? ಎಲ್ಲ ಒಂದು ತಿಂದು ಏಳ್ತಿದ್ರಿ. ಮೂರು ತಿನ್ನುವ ನೀನು ಸಹ. ಅದಕ್ಕೇ ನಿಲ್ಲಿಸಿದ್ದು. ಈಗ ಮನೆಯಲ್ಲಿಯೂ ಮಾಡುದಿಲ್ಲ," ಎಂದರು.

ಪಾರ್ಕಿಂಗಿನ ಮಾತನ್ನೆಲ್ಲ ಹೇಳಿದೆ.

"ನಷ್ಟ ನಂಗೆ ತಾನೇ ಆಗುದು? ನಿಮ್ಮ ಹತ್ರ ಯಾರು ಕೇಳಿದ್ದು?" ಆಂಟಿ ರೇಗಿದರು. "ನಾನು ಇಷ್ಟು ವರ್ಷ ಎಂತೆಂತ ಗ್ರಹಿಸಿದೆ ಮಾರಾಯ..." ಮೂಗೊರೆಸಿಕೊಂಡದ್ದು ಕೇಳಿಸಿತು. "ಶನಿವಾರ ಇಲ್ಲಿಗೆ ಬಾ."

ಹೋದೆ. ಬೆಲೆಗಳ ಬಗ್ಗೆ ಇಷ್ಟೆಲ್ಲ ಬರೆದವನು ವಿಮಾನದ ಟಿಕೆಟ್ಟಿನ ಬೆಲೆಯನ್ನು ನೋಡದೆಯೇ ಬುಕ್ ಮಾಡಿದ್ದೆ. ಆಂಟಿ ಸಣ್ಣಗಾಗಿದ್ದಾರೆ, ದೋಸೆ ಮಾತ್ರ ಅಂದಿನಷ್ಟೇ ದೊಡ್ಡದು, ಅಂಚು ಅಷ್ಟೇ ಗರಿಗರಿ. ನಾಲ್ಕನೆಯದು ಮುಗಿಯುವಾಗ ನಿಜಕ್ಕೂ ಹೊಟ್ಟೆ ಬಿರಿಯುತ್ತಿತ್ತು. ಸೌಟು ಹಿಡಿದ ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು.

ತಟ್ಟೆ ಮುಂದೆ ಚಾಚಿ, "ಇನ್ನೊಂದು ಹಾಕಿ ಆಂಟಿ," ಎಂದೆ.