ಚೌಕ ಮಾಡಿಸಿದ ಹನ್ನೆರಡು ಕಲ್ಲು

“ಕಾಕಾ, ಇವು ನನ್ನ ಕಲ್ಲು ಅಲ್ಲರಿ,” ಅಂದಳು ಆ ಹುಡುಗಿ, ಚೀಲ ಬಿಚ್ಚಿ ನೋಡಿ.

ಕಲ್ಲು ಅವಳವೇ. ಭೂವಿಜ್ಞಾನದ ಪಿಎಚ್.ಡಿ.ಗೆಂದು ಶಹಾಬಾದ್, ವಾಡಿ, ಸೇಡಂ ಕಡೆಯ ಗಣಿಗಳಲ್ಲಿ ತಿಂಗಳುಗಟ್ಟಲೆ ಬಿಸಿಲಲ್ಲಿ ತಿರುಗಿ ಆರಿಸಿದ ಹನ್ನೆರಡು ತುಂಡುಗಳ ಚೀಲವನ್ನು, ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ನನ್ನ ಅಂಗಡಿಯಲ್ಲಿಟ್ಟು, ಎರಡು ದಿನ ಚಿಂಚೋಳಿಗೆ ಹೋಗಿದ್ದಳು. ನಾನು ಚೀಲ ಬಿಚ್ಚಿ ನೋಡಿದೆ. ಸೊಟ್ಟ ಅಂಚಿನ ಕಲ್ಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಒಯ್ಯಲು ಹಗುರಾಗಲಿ ಅಂತ ಅಂಚು ಹೊಡೆಸಿ ಚೌಕ ಮಾಡಿಸಿದೆ. ಮೇಲಿದ್ದ ಬಣ್ಣದ ಗೀಟು, ನಂಬರು ಎಲ್ಲ ತಿಕ್ಕಿ ತೊಳೆಸಿದೆ.

“ಖರೇನ ನಿಮ್ಮವೇರಿ. ಹೆಂಗ ಮಿಂಚಾಕತ್ತಾವ ನೋಡ್ರಿ! ಇನ್ನ ಮ್ಯಾಲ ಆರಿಸೂಮುಂದ ಅಂಚು ನೋಡಿ ಆರಿಸ್ರಿ,” ಅಂತ ಉಪದೇಶ ಬೇರೆ ಮಾಡಿದೆ.

ಅವಳು ಒಂದೊಂದನ್ನೇ ಹೊರಗೆ ತೆಗೆದು ತಿರುವಿ ನೋಡಿದಳು. ಸಿಟ್ಟು ಮಾಡಲಿಲ್ಲ.

“ಕಲ್ಲು ಗಣಿಯೊಳಗ ಇದ್ದಾಗ ಉತ್ತರ ದಿಕ್ಕು ಯಾವ ಕಡೆ ಇತ್ತು ಅಂತ ಆ ಗೀಟು ತೋರಸ್ತಿದ್ವು, ಕಾಕಾ. ಈಗ ಯಾವ ಕಲ್ಲು ಯಾವ ಗಣಿದು ಅಂತನೂ ತಿಳಿಯೂದಿಲ್ಲ. ಮತ್ತ ಮೊದಲಿಂದ ತಿರುಗಬೇಕು.”

ಎಂಥ ಗಿರಾಕಿ ದರಕ್ಕೆ ಜಗ್ಗಿದರೂ ಮಾತಿನಲ್ಲಿ ಸೋಲದವನು ನಾನು. ಅವತ್ತು ಸೋತೆ. ನಮ್ಮ ಲಾರಿಯಲ್ಲಿ ಗಣಿಗಣಿಗೂ ಕಳಿಸಿಕೊಡುತ್ತೇನೆ ಅಂದೆ. “ಬ್ಯಾಡ್ರಿ, ಬಸ್ಸಿಗೇ ಹೋಗ್ತೀನಿ,” ಅಂದು ಖಾಲಿ ಚೀಲ ಮಡಚಿಕೊಂಡು ಹೊರಟಳು.

ಬುದ್ಧಿ ಹೇಳುವ ಚಟ ನನಗಿನ್ನೂ ಹೋಗಿಲ್ಲ, ಅದಕ್ಕೇ ಹೇಳುತ್ತೇನೆ: ಇನ್ನೊಬ್ಬರು ನಂಬಿ ಇಟ್ಟು ಹೋದ ಚೀಲವನ್ನು ಕೇಳದೆ ಬಿಚ್ಚಬೇಡಿ. ಆ ಹನ್ನೆರಡು ಕಲ್ಲು ಅಂಗಡಿಯಲ್ಲೇ ಇವೆ. ಚೌಕ ಭಾಳ ಚಂದ ಬಂದಿದೆ. ನೋಡಿದಾಗಲೆಲ್ಲ ತಲೆ ತಗ್ಗುತ್ತದೆ.