ಕೊಬ್ಬಿದ ಕರುವಿನ ವಿಚಾರಣೆ

ಪುಷ್ಯದ ಚಳಿ ಇನ್ನೂ ಬಿಡದ ಒಂದು ಬುಧವಾರ ಬೆಳಿಗ್ಗೆ ನಾನು ಧಾರವಾಡ ಬಿಟ್ಟೆ. ಗೋಕಾಕ ರೋಡ್ ಸ್ಟೇಷನ್ನಿಗೆ ಮೂರನೆಯ ತರಗತಿಯ ಟಿಕೀಟು ಒಂದೂ ಮುಕ್ಕಾಲು ರೂಪಾಯಿ. ಲೋಂಡಾದಲ್ಲಿ ಗಾಡಿ ಬದಲಿಸಿ ಬೆಳಗಾವಿ ದಾಟುವವರೆಗೆ ಹೆಂಗಸರ ಡಬ್ಬಿಯಲ್ಲಿ ಕಾಲು ಮಡಚಿ ಕುಳಿತೇ ಇರಬೇಕಾಯಿತು. ಈ ಪತ್ರಿಕೆಯ ಓದುಗರು ನಮ್ಮ ಕ್ರೈಸ್ತ ಸಭೆಗಳ ವಾರ್ಷಿಕ ವರದಿಗಳನ್ನು ಬಲ್ಲರು. ಆ ವರದಿಗಳಲ್ಲಿ ಎಂದೂ ಕಾಣದ ಸಂಗತಿಯೊಂದನ್ನು ಕಾಣಲು ನಾನು ಹೊರಟಿದ್ದೆ. ಮೂಡಲಗಿಯ ಸುತ್ತ ಹಳ್ಳಿಹಳ್ಳಿಗೆ ನಡೆದು ಸುವಾರ್ತೆಯ ಕಥೆಗಳನ್ನು ಹೇಳುವ ಶಾಂತವ್ವ ಎಂಬ ಮುದುಕಿಯನ್ನು ಹುಕ್ಕೇರಿಯಲ್ಲಿ ಶನಿವಾರ ಕೂಡುವ ಹಿರಿಯರ ಪಂಚಾಯತಿ ವಿಚಾರಣೆಗೆ ಕರೆದಿತ್ತು. ದೇವರ ವಾಕ್ಯವನ್ನು ತಿದ್ದಿದಳು ಎಂಬುದು ಆರೋಪ. ಅದು ನಿಜವೆಂದು ತೀರ್ಮಾನವಾದರೆ ಆಕೆ ಇನ್ನು ಯಾವ ಊರಿನಲ್ಲಿಯೂ ಸಭೆಯ ಹೆಸರಿನಲ್ಲಿ ಕಥೆ ಹೇಳುವ ಹಾಗಿಲ್ಲ. ಇಂತಹ ತೀರ್ಪನ್ನು ಯಾರು ಕೊಡುತ್ತಾರೆ, ಕೊಟ್ಟವರು ಯಾರಿಗೆ ಉತ್ತರ ಹೇಳುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಸ್ಟೇಷನ್ನಿನಿಂದ ಗೋಕಾಕ ಫಾಲ್ಸಿಗೆ ಟಾಂಗಾ ಸಿಕ್ಕಿತು. ನದಿಯಲ್ಲಿ ನೀರು ಕಡಿಮೆಯಾಗಿ ಜಲಪಾತ ಬಂಡೆಗೆ ಅಂಟಿದ ನಾಲ್ಕಾರು ಬಿಳಿಯ ಎಳೆಗಳಾಗಿ ಉಳಿದಿತ್ತು. ಗಿರಣಿಯ ಸದ್ದು ಮಾತ್ರ ಮಳೆಗಾಲದ ನೀರಿನಂತೆ ಎಡೆಬಿಡದೆ ಕೇಳಿಸುತ್ತಿತ್ತು. ನಾನು ಇಳಿದುಕೊಂಡದ್ದು ಯಾಕೋಬಪ್ಪನವರ ಮನೆಯಲ್ಲಿ. ಅವರು ಗಿರಣಿಯಲ್ಲಿ ನೂಲಿನ ಖಾತೆಯ ಕೆಲಸಗಾರರು, ಸಭೆಯ ಹಿರಿಯರು, ನನ್ನ ತಂದೆಯ ಹಳೆಯ ಪರಿಚಯಸ್ಥರು. ಶಾಂತವ್ವನ ಮೇಲೆ ದೂರು ಕೊಟ್ಟವರೂ ಅವರೇ.

ಅವರ ಹೆಂಡತಿ ಮಾರ್ಥವ್ವ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಉಣ್ಣುತ್ತಲೇ ನಾನು ದೂರಿನ ವಿಷಯ ಎತ್ತಿದೆ. ಯಾಕೋಬಪ್ಪ ಮುಚ್ಚಿಡದೆ ಹೇಳಿದರು. ಕಳೆದುಹೋದ ಮಗನ ಕಥೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಕಿರಿಯ ಮಗನು ಪಾಲು ತೆಗೆದುಕೊಂಡು ಪರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯ್ದು, ಹಸಿದು ಮನೆಗೆ ಮರಳುತ್ತಾನೆ. ತಂದೆ ಸಂತೋಷದಿಂದ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡುತ್ತಾನೆ. ಹಿರಿಯ ಮಗನು ಮುನಿದು ಒಳಗೆ ಬರುವುದಿಲ್ಲ. ಶಾಂತವ್ವನ ಕಥೆಯಲ್ಲಿ ಮಿಕ್ಕದ್ದೆಲ್ಲ ಇದೆ, ಕರು ಇಲ್ಲ. ಅದರ ಜಾಗದಲ್ಲಿ ತಂದೆ ಮಗನಿಗೆ ಹೋಳಿಗೆ ಮಾಡಿಸುತ್ತಾನೆ.

ಯಾಕೋಬಪ್ಪನವರಿಗೆ ಇದು ಸಣ್ಣ ಮಾತಾಗಿ ಕಂಡಿರಲಿಲ್ಲ. ಅವರ ತಂದೆ ಊರಿನ ಸತ್ತ ದನಗಳನ್ನು ಎಳೆದು ಬದುಕಿದವರು. ದೀಕ್ಷಾಸ್ನಾನದ ದಿನ ಆ ಕೆಲಸವನ್ನೂ ಆ ಮಾಂಸವನ್ನೂ ಒಟ್ಟಿಗೆ ಬಿಟ್ಟವರು. ಮಗನಾದ ಯಾಕೋಬಪ್ಪ ಗಿರಣಿ ಸೇರಿ ಪಗಾರ ತರುವವರಾದರು. “ಮ್ಯಾಲಿನ ಓಣ್ಯಾವ್ರು ಮೂಗು ಮುರೀತಾರಂತ ಕರು ಬಚ್ಚಿಟ್ಟಾಳ ತಂಗೀ,” ಎಂದರು. “ದೇವ್ರ ಕಥ್ಯಾಗೂ ನಾವು ಅವ್ರಿಗೆ ಅಂಜಿ ಉಣಬೇಕೇನು?”

ಮಾರ್ಥವ್ವ ತಾಟಿಗೆ ಮತ್ತೊಂದು ರೊಟ್ಟಿ ಹಾಕುತ್ತ, ಕರುವಿನ ಮೇಲೆ ಇಷ್ಟು ಮಮತೆ ಇರುವವರು ಮನೆಯ ಎಮ್ಮೆಗೆ ಒಂದು ದಿನವಾದರೂ ಮೇವು ಹಾಕಿದ್ದುಂಟೇ ಎಂದು ಕೇಳಿದರು. ನಾನು ನಕ್ಕೆನಾದರೂ ಯಾಕೋಬಪ್ಪನವರ ಮಾತು ನನ್ನೊಳಗೆ ಇಳಿದಿತ್ತು. ಅಂಜಿಕೆಯಿಂದ ಮಾಡಿದ ತಿದ್ದುಪಡಿ ಎಷ್ಟೇ ಸಿಹಿಯಾಗಿದ್ದರೂ ಅಂಜಿಕೆಯೇ. ಶಾಂತವ್ವನನ್ನು ನೇರವಾಗಿ ಕೇಳಬೇಕೆಂದು ನಿಶ್ಚಯಿಸಿ ಮಲಗಿದೆ.

ಗುರುವಾರ ಗೋಕಾಕ ಪೇಟೆಯಿಂದ ಮೂಡಲಗಿಯ ಸರ್ವಿಸ್ ಮೋಟಾರು ಹಿಡಿದೆ. ಬಾಡಿಗೆ ಆರು ಆಣೆ. ದಾರಿಯ ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಕಲ್ಲೋಳಿಯಲ್ಲಿ ಎಂಜಿನ್ ಕಾದು ಹೊಗೆಯುಗುಳಿದಾಗ ಎಲ್ಲರೂ ಇಳಿದು, ಡ್ರೈವರನು ಬಾವಿಯಿಂದ ನೀರು ತಂದು ಹೊಯ್ಯುವವರೆಗೆ ಚಹಾ ಕುಡಿದೆವು. ಮೂಡಲಗಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು.

ನಮ್ಮ ಸಭೆಯವರ ಮನೆಗಳು ಊರಿನ ಕೊನೆಯ ಕೇರಿಯಲ್ಲಿವೆ. ಪ್ರಾರ್ಥನೆಗೆ ಪ್ರತ್ಯೇಕ ಮಂದಿರವಿಲ್ಲ. ಬೇವಿನ ಮರದ ಕಟ್ಟೆಯೇ ಮಂದಿರ. ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆದು ಒಬ್ಬೊಬ್ಬರಾಗಿ ಕೂಡುತ್ತಿದ್ದರು. ಶಾಂತವ್ವ ಕುಳ್ಳಗಿನ, ಗಟ್ಟಿ ದನಿಯ ಹೆಂಗಸು. ನನ್ನನ್ನು ಕಂಡು, ಧಾರವಾಡದಿಂದ ಸಾಕ್ಷಿ ಹೇಳಲು ಬಂದೆಯೋ ಶಿಕ್ಷೆ ಕೊಡಲು ಬಂದೆಯೋ ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಕೇರಿಯ ಅಂಚಿನ ಮೋಟುಗೋಡೆಯ ಆಚೆ ಮೇಲಿನ ಓಣಿಯ ಕೆಲವರು ಬಂದು ನಿಂತರು. ಅವರು ಯಾವಾಗಲೂ ಬರುತ್ತಾರಂತೆ, ಯಾವಾಗಲೂ ನಿಂತೇ ಕೇಳುತ್ತಾರಂತೆ.

ಆಕೆ ಅಂದು ಹೇಳಿದ್ದು ಆರೋಪಕ್ಕೆ ಗುರಿಯಾದ ಆ ಕಥೆಯನ್ನೇ. ಪರದೇಶದಲ್ಲಿ ಹಸಿದ ಮಗನ ವರ್ಣನೆಗೆ ಮುದುಕರು ತಲೆದೂಗಿದರು. ಮಗನು ಬರುವುದನ್ನು ದೂರದಿಂದಲೇ ಕಂಡ ತಂದೆ ಮುಂಡಾಸು ಬಿಚ್ಚಿಹೋದರೂ ಲೆಕ್ಕಿಸದೆ ಓಡಿದ. ಒಲೆಯ ಮೇಲೆ ಕಡಲೆಬೇಳೆ ಇಟ್ಟ. ಬೆಲ್ಲ ಒಡೆದ. ಹೂರಣ ತಾನೇ ಅರೆಯಲು ಕುಳಿತ. ಇಲ್ಲಿ ಒಬ್ಬ ಹೆಂಗಸು ತಡೆದಳು.

“ಗಂಡಸ ಮಾಡಿದ ಹೋಳಿಗಿ ಹಂಚಿನ ಮ್ಯಾಲ ಹರೀತಾವ ಬಿಡ ಯವ್ವಾ.”

“ಹರದ್ವು,” ಎಂದಳು ಶಾಂತವ್ವ. “ಹರದ ಹೋಳಿಗೀನ ಬಡಿಸಿದ. ಮಗಾ ಅದನ್ನ ಉಂಡ.”

ಸಭೆ ನಕ್ಕಿತು. ಗೋಡೆಯಾಚೆ ನಿಂತವರೂ ನಕ್ಕರು. ತಂದೆ ತನ್ನ ಕೈಯಿಂದಲೇ ತುಪ್ಪ ಹಾಕಿದನೆಂದು ಆಕೆ ಹೇಳುವಾಗ ಮಾತ್ರ ಯಾರೂ ನಗಲಿಲ್ಲ. ಕೊನೆಗೆ ಹಿರಿಯ ಮಗನು ಅಂಗಳದಲ್ಲಿ ಮುನಿದು ನಿಂತ. ತಂದೆ ಹೊರಗೆ ಬಂದು ಅವನ ಕೈಹಿಡಿದು ಕರೆದ. ಆಕೆ ಅಲ್ಲಿಗೇ ನಿಲ್ಲಿಸಿದಳು. ಅವನು ಒಳಗೆ ಬಂದನೋ ಇಲ್ಲವೋ ಎಂದು ಗೋಡೆಯಾಚೆಯ ಒಬ್ಬ ಮುದುಕ ಕೇಳಿದ. ನೀವು ನೋಡಿ ಹೇಳಬೇಕು, ನೀವೇ ಹೊರಗೆ ಇದ್ದೀರಿ ಎಂದು ಆಕೆ ನಗುತ್ತಲೇ ಅಂದಳು. ಆತ ಕೆಮ್ಮಿ, ಕೋಲು ಬದಲಿಸಿ ಹಿಡಿದು, ಮತ್ತಷ್ಟು ಹೊತ್ತು ಅಲ್ಲಿಯೇ ನಿಂತಿದ್ದ.

ಜನ ಚದುರಿದ ಮೇಲೆ ಯಾಕೋಬಪ್ಪನವರ ಮಾತನ್ನು ನನ್ನದೇ ಮಾತಾಗಿ ಆಕೆಯ ಮುಂದಿಟ್ಟೆ. ಗ್ರಂಥದಲ್ಲಿ ಕರು ಇರುವಾಗ ಅದನ್ನು ಅಡಗಿಸಲು ನಿನಗೆ ಅಧಿಕಾರ ಕೊಟ್ಟವರು ಯಾರು, ಗೋಡೆಯಾಚೆಯವರೇ ಎಂದೆ. ನಿನಗೆ ಬಿ.ಎ. ಕಲಿಸಿದವರು ಸಿಟ್ಟನ್ನಂತೂ ಚೆನ್ನಾಗಿ ಕಲಿಸಿದ್ದಾರೆ ಎಂದು ಆಕೆ ಮೆಚ್ಚಿಕೊಂಡಳು. ಹೋಳಿಗೆ ಎಂದರೆ ನಮ್ಮ ಜನಕ್ಕೆ ಹಬ್ಬವೆಂದು ತಿಳಿಯುತ್ತದೆ, ಕರು ಎಂದರೆ ತಿಳಿಯುವುದೇ ಬೇರೆ ಎಂದಷ್ಟೇ ಉತ್ತರ ಕೊಟ್ಟಳು. ನನಗೆ ಅದು ಸಾಲಲಿಲ್ಲ. ಸಾಲಲಿಲ್ಲವೆಂದೇ ಹೇಳಿದೆ.

ಶುಕ್ರವಾರ ಇಬ್ಬರೂ ಕೂಡಿ ಹೊರಟೆವು. ಗೋಕಾಕದಲ್ಲಿ ಮೋಟಾರು ಬದಲಿಸಿ, ಘಟಪ್ರಭೆಯ ಮೇಲಿಂದ ಹುಕ್ಕೇರಿಯ ದಾರಿ ಹಿಡಿದೆವು. ಹಿಂದಿನ ಸೀಟು, ಪ್ರತಿಯೊಂದು ತಗ್ಗೂ ಬೆನ್ನಿಗೆ ತಟ್ಟುತ್ತಿತ್ತು. ಎದುರಿಗೆ ಕುಳಿತ ಎಲೆ ಅಡಿಕೆಯ ವ್ಯಾಪಾರಿ, ಮುದುಕಿ ಎಲ್ಲಿಗೆ ಹೊರಟಳೆಂದು ಕೇಳಿದ.

“ಸುನಾವಣಿ ಐತ್ರಿ. ಕರು ಕದ್ದೇನಂತ ಕೇಸ ಹಾಕ್ಯಾರ,” ಎಂದಳು ಶಾಂತವ್ವ.

“ಅಯ್ಯ, ಈ ವಯಸ್ಸಿನ್ಯಾಗ? ಕರು ಎಲ್ಲೈತಿ ಈಗ?”

“ಅದನ್ನ ಕೇಳಾಕ ಕರದಾರ್ರಿ.”

ವ್ಯಾಪಾರಿ ಮರುಗಿ ಆಕೆಗೆ ಒಂದು ಎಲೆ ಮಡಚಿ ಕೊಟ್ಟ. ಗೆದ್ದು ಬಾ ಎಂದೂ ಹರಸಿದ. ಹುಕ್ಕೇರಿಯ ಹಳೆಯ ಗುಮ್ಮಟಗಳು ಕಾಣಿಸುವ ಹೊತ್ತಿಗೆ ಆಕೆಯ ನಗೆ ಆರಿತ್ತು. ಕಥೆ ಹೇಳಬೇಡವೆಂದರೆ ಏನು ಮಾಡುವೆ ಎಂದು ಕೇಳಿದೆ. ಹೇಳಬೇಡವೆಂದರೆ ಹೇಳುವುದಿಲ್ಲ, ಸಭೆಯ ಮಾತು ಮೀರುವವಳಲ್ಲ ಎಂದಳು. ಸ್ವಲ್ಪ ತಡೆದು, ಹಾಗಾದರೆ ಸಂಜೆ ಹೇಗೆ ಕಳೆಯುವುದೋ ತಿಳಿಯದು ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಶನಿವಾರ ಪ್ರಾರ್ಥನಾಮಂದಿರದಲ್ಲಿ ಪಂಚಾಯತಿ ಕೂಡಿತು. ಹಂಚಿನ ಮಾಡಿನ, ಸುಣ್ಣ ಹೊಸದಾಗಿ ಹಚ್ಚಿದ ಕೋಣೆ. ಪಾದ್ರಿ ಸಮುವೇಲರು ಕುರ್ಚಿಯ ಮೇಲೆ, ಯಾಕೋಬಪ್ಪನವರೂ ಸೇರಿ ನಾಲ್ವರು ಹಿರಿಯರು ಬೆಂಚಿನ ಮೇಲೆ. ಶಾಂತವ್ವ ಚಾಪೆಯ ಮೇಲೆ ಕುಳಿತಳು. ನಾನೂ ಚಾಪೆಯನ್ನೇ ಆರಿಸಿಕೊಂಡೆ. ಪಾದ್ರಿಗಳು ಮೃದು ಸ್ವಭಾವದ, ನ್ಯಾಯಬುದ್ಧಿಯ ವೃದ್ಧರು. ದೂರನ್ನು ಓದಿಸಿ, ಕರುವನ್ನು ಬಿಟ್ಟದ್ದು ನಿಜವೇ ಎಂದು ಕೇಳಿದರು. ನಿಜ ಎಂದಳು. ಹಾಗಾದರೆ ವಿಚಾರಿಸುವುದು ಏನೂ ಉಳಿಯಲಿಲ್ಲವೆಂದು ಹಿರಿಯರೊಬ್ಬರು ಹೇಳಿದರು.

ನಾನು ಎದ್ದುನಿಂತು ಮಾತಾಡಲು ಅಪ್ಪಣೆ ಬೇಡಿದೆ. ಇಲ್ಲಿ ಕುಳಿತ ಐವರಲ್ಲಿ ಈ ಕಥೆಯನ್ನು ಶಾಂತವ್ವನ ಬಾಯಿಂದ ಪೂರ್ತಿ ಕೇಳಿದವರು ಯಾರು ಎಂದು ಕೇಳಿದೆ. ಯಾಕೋಬಪ್ಪನವರು ಕೇಳಿದ್ದು ಅರ್ಧ. ಹೋಳಿಗೆಯ ಮಾತು ಬಂದೊಡನೆ ಎದ್ದು ಹೋಗಿದ್ದರು. ಮಿಕ್ಕ ನಾಲ್ವರು ಮೂಡಲಗಿಯ ಆ ಕೇರಿಗೆ ಕಾಲಿಟ್ಟು ವರ್ಷಗಳಾಗಿದ್ದವು. ಕೇಳದ ಕಥೆಗೆ ತೀರ್ಪು ಕೊಡುವ ಅಧಿಕಾರ ಯಾವ ಗ್ರಂಥದಲ್ಲಿದೆ ಎಂದೆ. ನನ್ನ ದನಿ ಏರಿತ್ತು. ಅದಕ್ಕಾಗಿ ನಾನು ವಿಷಾದಪಡುವುದಿಲ್ಲ. ಪಾದ್ರಿಗಳ ಮುಖ ಕೆಂಪಾಯಿತು. ಆದರೂ ಅವರು ಪ್ರಾಮಾಣಿಕರು. ತಾವು ಕೇಳಿಲ್ಲವೆಂದು ಒಪ್ಪಿಕೊಂಡು, ಶಾಂತವ್ವನ ಕಡೆ ತಿರುಗಿ, ಗ್ರಂಥದಲ್ಲಿ ಇದ್ದಂತೆ ಕರುವನ್ನು ಇಟ್ಟುಕೊಂಡೇ ಕಥೆಯನ್ನು ಒಮ್ಮೆ ಹೇಳೆಂದರು.

ಆಕೆ ಹೇಳಿದಳು. ಮಗ ಬಂದ, ತಂದೆ ಓಡಿದ, ಅಪ್ಪಿಕೊಂಡ. ಕೊಬ್ಬಿದ ಕರು ತರಲು ಹೇಳಿದ. ಅಲ್ಲಿ ಆಕೆಯ ದನಿ ಇಳಿಯಿತು.

“ಅಪ್ಪ ದೊಡ್ಡ ಮನಿಯಾಂವ. ತಾನ ಕೊಯ್ಯೂದಿಲ್ಲ. ದನದ ಕೆಲಸ ಅಂದ್ರ ನಮ್ಮ ಊರಾಗ ಯಾರನ್ನ ಕರೀತಾರ್ರಿ? ಆಳು ನಮ್ಮ ಕೇರಿಗೆ ಓಡಿ ಬಂದ. ನಮ್ಮಪ್ಪ ಚೂರಿ ತಗೊಂಡು ಹೋದ. ಒಳಗ ಹಾಡು, ಬಾಜಾ, ಉಂಗುರ, ಹೊಸಾ ಅರಿವಿ. ಹಿತ್ತಲದಾಗ ನಮ್ಮಪ್ಪ ತೊಗಲ ಸುಲಿಯಾಕತ್ತಾನ.” ಆಕೆ ಬೆಂಚಿನ ಕಡೆ ನೋಡಿದಳು. “ನನ್ನ ಮುಂದ ಕುಂತು ಕೇಳಾವ್ರು ಅಲ್ಲೀತನಾ ಮಗಾ ಆಗಿರ್ತಾರ್ರಿ. ಕರು ಬಂದ ಕೂಡ್ಲೇ ಎದ್ದು ಹಿತ್ತಲಕ ಹೋಗ್ತಾರ. ನಾ ಕಣ್ಣಾರೆ ಕಂಡೇನಿ. ಅವ್ರನ್ನ ಮತ್ತ ಒಳಗ ಕರಕೊಂಡು ಬರಾಕ ನನಗ ಹೋಳಿಗಿ ಬಿಟ್ರ ಏನೂ ಸಿಗಲಿಲ್ಲ.”

ಮೊನ್ನೆ ನನಗೆ ಸಾಲದಿದ್ದ ಉತ್ತರದ ಮಿಕ್ಕ ಭಾಗ ಇದು. ಇಂದಿಗೂ ನನಗೆ ಇದು ಪೂರ್ತಿ ಒಪ್ಪಿಗೆಯಲ್ಲ. ಕರುವನ್ನು ಇಟ್ಟೇ ಆ ಜನವನ್ನು ಒಳಗೆ ಕೂರಿಸುವ ದಿನ ಬರಬೇಕೆಂದೇ ನನ್ನ ಎಣಿಕೆ. ಆದರೆ ಇದನ್ನು ಅಂಜಿಕೆ ಎನ್ನುವ ಬಾಯಿ ನನಗೆ ಉಳಿಯಲಿಲ್ಲ.

ಪಾದ್ರಿಗಳು, ಪ್ರಾರ್ಥನೆ ಮಾಡಿ ಮುಂದಿನ ಕೂಟದಲ್ಲಿ ತೀರ್ಮಾನಿಸೋಣ ಎಂದರು. ನಾನು ಒಪ್ಪಲಿಲ್ಲ. ಅಲ್ಲಿಯವರೆಗೆ ಈ ಹೆಂಗಸು ಸಂಜೆ ಬಾಯಿ ಮುಚ್ಚಿಕೊಂಡಿರಬೇಕೋ ತೆರೆಯಬೇಕೋ ಎಂಬುದನ್ನು ಇಂದೇ, ಆಕೆಯ ಎದುರಿನಲ್ಲೇ, ಒಬ್ಬೊಬ್ಬರೂ ಹೇಳಬೇಕೆಂದೆ. ಮೊದಲು ಮಾತಾಡಿದವರು ಯಾಕೋಬಪ್ಪ. ಅವರು ಬೆಂಚಿನಿಂದ ಎದ್ದಿದ್ದರು.

“ನನ್ನ ದೂರು ಹಿಂದಕ್ಕ ತಗೊಳ್ಳೂದಿಲ್ರಿ ಪಾದ್ರಿ ಸಾಹೇಬ್ರ. ಪುಸ್ತಕದಾಗ ಕರು ಐತಿ, ಐತಿ ಅಂತನ ಹೇಳಾವ ನಾ,” ಎಂದರು. “ಆದ್ರ ಈಕಿ ಹೇಳೂದು ನಿಲ್ಲಬಾರ್ದು.”

ಮಿಕ್ಕ ಮೂವರಲ್ಲಿ ಇಬ್ಬರು ಹೌದೆಂದರು, ಒಬ್ಬರು ಅಲ್ಲವೆಂದರು. ಪಾದ್ರಿಗಳು ಹೌದೆಂದರು. ತೀರ್ಮಾನ ಹೀಗಾಯಿತು: ಭಾನುವಾರದ ಆರಾಧನೆಯಲ್ಲಿ ವಾಕ್ಯವನ್ನು ಬರೆದಂತೆಯೇ ಓದತಕ್ಕದ್ದು. ಕಟ್ಟೆಯ ಮೇಲೆ ಶಾಂತವ್ವ ತನ್ನ ರೀತಿಯಲ್ಲಿ ಹೇಳಬಹುದು. ಯಾರಾದರೂ ಕೇಳಿದರೆ ಗ್ರಂಥದಲ್ಲಿರುವುದು ಕರುವೆಂದು ತಿಳಿಸತಕ್ಕದ್ದು. ವರ್ಷಕ್ಕೊಮ್ಮೆಯಾದರೂ ಹಿರಿಯರು ಆ ಕೇರಿಗೆ ಹೋಗಿ ಕುಳಿತು ಕೇಳತಕ್ಕದ್ದು ಎಂಬುದನ್ನೂ ಸೇರಿಸಿರೆಂದು ಬೇಡಿದೆ. ನೋಡೋಣ ಎಂದರು ಪಾದ್ರಿಗಳು. ಆ ‘ನೋಡೋಣ’ವನ್ನು ನಾನು ಇಲ್ಲಿ ಅಚ್ಚಿಗೆ ಕೊಡುತ್ತಿದ್ದೇನೆ. ಹೋದರೋ ಇಲ್ಲವೋ ಎಂಬುದನ್ನು ಓದುಗರು ಅವರನ್ನೇ ಕೇಳಲಿ.

ಬೆಳಗಾವಿಗೆ ಹೋಗುವ ನನ್ನ ಮೋಟಾರು ಮೊದಲು ಬಂತು. ಸ್ಟ್ಯಾಂಡಿನ ಪಕ್ಕದ ಹುಣಸೆಯ ನೆರಳಿನಲ್ಲಿ ಶಾಂತವ್ವ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಯಾಕೋಬಪ್ಪ ದೂರದಲ್ಲಿ ನಿಂತು ಬೀಡಿ ಮುಗಿಸಿ, ಬಂದು, ಆಕೆಯ ಎದುರಿಗೆ ನೆಲದ ಮೇಲೆಯೇ ಕುಳಿತರು. ತಾವು ಎದ್ದುಹೋದ ಮೇಲಿನ ಭಾಗವನ್ನು ಹೇಳೆಂದು ಕೇಳಿದರು. ನಿನಗೆ ಮೊದಲಿನಿಂದಲೇ ಹೇಳಬೇಕಾದೀತು, ಅರ್ಧ ಕಥೆಗೆ ನನ್ನ ಬಾಯಿ ತಿರುಗುವುದಿಲ್ಲ ಎಂದಳು ಆಕೆ.

ನಾನು ಹತ್ತಿ ಕುಳಿತೆ. ಮೋಟಾರು ತಿರುವು ಹಾಕುವಾಗ ಹಿಂತಿರುಗಿ ನೋಡಿದೆ. ಅವರು ಹತ್ತಬೇಕಾದ ಗೋಕಾಕದ ಮೋಟಾರು ಬಂದು ನಿಂತಿತ್ತು. ಕಂಡಕ್ಟರನು ಊರಿನ ಹೆಸರನ್ನು ಕೂಗುತ್ತಿದ್ದ. ಶಾಂತವ್ವ ಅಂಗೈಯಲ್ಲಿ ಹೋಳಿಗೆ ತಟ್ಟುವಂತೆ ತೋರಿಸುತ್ತಿದ್ದಳು. ಯಾಕೋಬಪ್ಪ ಏಳಲಿಲ್ಲ.